ತಡವಾಗಿ ಬಂದವನು

ಬೆಹಾಲಾ
12 ಜನವರಿ 2025

ಚಿ. ಶ್ರೇಯಾಳಿಗೆ ಚಿಕ್ಕಜ್ಜನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಇದೇ ಕಲ್ಕತ್ತಾದೊಳಗೆ, ಸಿಯಾಲ್ದಾದ ಹಾಸ್ಟೆಲಿನಿಂದ ಇಲ್ಲಿಗೆ ಬರಲು ಅದಕ್ಕೆ ಐದು ದಿನ ಹಿಡಿದಿದೆ. ನಡೆದು ಬಂದಿದ್ದರೂ ಅದೇ ದಿನ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತಿತ್ತು. ಇರಲಿ. ಕಿವಿ ಪೂರ್ತಿ ಹೋದ ಮೇಲೆ ನನಗೆ ಫೋನಿನಿಂದ ಉಪಯೋಗವಿಲ್ಲ. ಮೊಬೈಲಿನಲ್ಲಿ ನೀನು ಕಳಿಸುವ ಕನ್ನಡವೋ, ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಕಾಗದವೇ ಸೈ. ಚಿಕ್ಕವಳಿದ್ದಾಗ ನಿನ್ನನ್ನು ಹೋಟೆಲಿನ ಮೆನು ಹಲಗೆಯ ಮುಂದೆ ಕೂರಿಸಿ ‘ಇಡ್ಲಿ’, ‘ಬನ್ಸ್’, ‘ಗೋಳಿಬಜೆ’ ಎಂದು ಬರೆಸುತ್ತಿದ್ದೆನಲ್ಲ, ಆ ಅಕ್ಷರ ಈಗ ಕೆಲಸಕ್ಕೆ ಬಂತು.

ನೀನು ಕೇಳಿದ್ದು ಓದಿ ನಗು ಬಂತು ಮಾರಾಯ್ತಿ. ಹತ್ತು ನಿಮಿಷದ ಒಂದು ಪತ್ತೇದಾರಿ ಪಿಕ್ಚರು ತೆಗೆಯಬೇಕು, ಅದಕ್ಕೆ ಮೊದಲು ಅಂಥ ಪಿಕ್ಚರುಗಳಲ್ಲಿ ಯಾವಾಗಲೂ ಏನೇನು ಇರುತ್ತದೆ ಎಂದು ಹುಡುಕಿ ಬರೆದು ಕೊಡಬೇಕು ಎಂದು ನಿಮ್ಮ ಮೇಡಂ ಹೇಳಿದ್ದಾರೆ. ನೀನು ಇಪ್ಪತ್ತು ಪಿಕ್ಚರು ನೋಡಿ, ಎರಡು ಪುಸ್ತಕ ಓದಿ, ಇನ್ನೂ ಸಾಲದೆಂದು ಹೋಟೆಲಿನ ಮುದುಕನನ್ನು ಕೇಳುತ್ತಿದ್ದೀ. ಸರಿಯಾದವನನ್ನೇ ಕೇಳಿದ್ದೀ. ನಿನ್ನ ಅಜ್ಜ, ಅಂದರೆ ನನ್ನ ಅಣ್ಣಯ್ಯ ಲಕ್ಷ್ಮೀನಾರಾಯಣರು, ಸಿನಿಮಾ ಎಂದರೆ ಉರಿದು ಬೀಳುತ್ತಿದ್ದರು. ಆದರೂ ಒಂದು ಕಾಲದಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ನಾವು ಕದ್ದು ಹೋಗುತ್ತಿದ್ದೆವು. ಊಟದ ಹೊತ್ತು ಮುಗಿದು ಎರಡೂವರೆಗೆ ಹೋಟೆಲು ಬಾಗಿಲು ಹಾಕುತ್ತಿತ್ತು, ಐದಕ್ಕೆ ಸಂಜೆಯ ತಿಂಡಿಗೆ ತೆರೆಯಬೇಕು. ಮೂರಕ್ಕೆ ಆಟ ಶುರು. ನಾಲ್ಕೂವರೆಗೆ ಎದ್ದು ಟ್ರಾಮಿಗೆ ಓಡಲೇಬೇಕು. ಹಾಗಾಗಿ ನಾವು ಯಾವ ಪಿಕ್ಚರಿನ ಕೊನೆಯನ್ನೂ ನೋಡಲಿಲ್ಲ. ಕಳ್ಳ ಯಾರೆಂದು ಟ್ರಾಮಿನಲ್ಲಿ ಕೂತು ನಾವೇ ತೀರ್ಮಾನ ಮಾಡುತ್ತಿದ್ದೆವು. ಅದಕ್ಕೆ ನಮ್ಮದೇ ಸೂತ್ರಗಳಿದ್ದವು.

ಮೊದಲ ಕಾಲು ಗಂಟೆಯೊಳಗೆ ಯಾರ ಮುಖದ ಮೇಲೆ ಕಿಟಕಿಯ ಸರಳಿನ ನೆರಳು ಬೀಳುತ್ತದೋ ಅವನು ಕಳ್ಳನಲ್ಲ, ಅವನನ್ನು ಕಳ್ಳನೆಂದು ನಾವು ನಂಬಲಿ ಎಂದು ಆ ನೆರಳು. ಒಂದು ವಸ್ತುವನ್ನು ಎರಡು ಸಲ ಹತ್ತಿರದಿಂದ ತೋರಿಸಿದರೆ ಮೂರನೇ ಸಲ ಅದು ಅಲ್ಲಿರುವುದಿಲ್ಲ. ತಡವಾಗಿ ಬಂದವನನ್ನು ಎಲ್ಲರೂ ನೋಡುತ್ತಾರೆ, ಹೊತ್ತಿಗೆ ಸರಿಯಾಗಿ ಬಂದವನನ್ನು ಯಾರೂ ನೋಡುವುದಿಲ್ಲ. ಪ್ರಶ್ನೆ ಕೇಳುವವನಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಇನ್ನೂ ಉಂಟು, ನೆನಪಾದ ಹಾಗೆ ಬರೆಯುತ್ತೇನೆ.

ಇಲ್ಲಿ ನಿನ್ನ ಅಜ್ಜಿ ಅಂಬುಜತ್ತಿಗೆಗೆ ಮಂಡಿನೋವು ಹಾಗೇ ಉಂಟು. ನಿನ್ನೆ ಟೀವಿ ರಿಮೋಟು ಕಾಣೆಯಾಗಿ ಎಂದಿನ ಹಾಗೆ ‘ಬಸು ಬಂದಿದ್ದನಾ ಎಂತ?’ ಎಂದು ಎಲ್ಲರೂ ನಕ್ಕರಂತೆ. ನಿನ್ನ ಅಪ್ಪ ನಿತೇಶ ಚೀಟಿಯಲ್ಲಿ ಬರೆದು ತೋರಿಸಿದ. ರಿಮೋಟು ದಿಂಬಿನಡಿ ಇತ್ತು.

ಹೊತ್ತುಹೊತ್ತಿಗೆ ಊಟ ಮಾಡು.

ಇಂತಿ
ನಿನ್ನ ಮುರಾರಿ ಚಿಕ್ಕಜ್ಜ


ಹಾಸ್ಟೆಲ್, ಸಿಯಾಲ್ದಾ
2 ಫೆಬ್ರವರಿ

ಚಿಕ್ಕಜ್ಜ,

ತಪ್ಪು ಇದ್ರೆ ಬೈಬೇಡಿ, ಈ ಕಾಗದ ಬರೀಲಿಕ್ಕೆ ಎರಡು ಗಂಟೆ ಹಿಡೀತು.

ನಿಮ್ಮ ಸೂತ್ರ ಎಲ್ಲಾ ನನ್ನ ರಿಸರ್ಚ್ ಫೈಲಲ್ಲಿ ಹಾಕಿದೆ. ಮೇಡಂ ಓದ್ಲಿಕ್ಕೆ ಹೇಳಿದ್ರು, ನಾನು ಬಾಂಗ್ಲಾ ಭಾಷೇಲಿ ಹೇಳಿದೆ. ‘ಹೊತ್ತಿಗೆ ಸರಿಯಾಗಿ ಬಂದವನನ್ನು ಯಾರೂ ನೋಡುವುದಿಲ್ಲ’ ಅಂದಾಗ ಅವರು ಎದ್ದು ಬೋರ್ಡ್ ಮೇಲೆ ಬರೆದ್ರು! ಪುಸ್ತಕದಲ್ಲಿ ಇರೋದು ಬೇರೆ ಥರ. ಮಳೆ, ಟೋಪಿ, ಸಿಗರೇಟ್, ಸುಸ್ತಾದ ಪೊಲೀಸ್. ನಿಮ್ಮದು ಒಳಗಿಂದ ನೋಡಿದ ಹಾಗೆ ಉಂಟು.

ಮಂಜು ಬೇಕು ಸೀನಲ್ಲಿ, ಮೆಷಿನ್ ಸಿಗ್ತಾ ಇಲ್ಲ. ಐಡಿಯಾ ಉಂಟಾ?

ಇನ್ನೊಂದು. ‘ನಾವು’ ಹೋಗ್ತಿದ್ವಿ ಅಂತ ಬರೆದಿದ್ದೀರಿ. ನಾವು ಅಂದ್ರೆ ಯಾರು?

ಶ್ರೇಯಾ


ಬೆಹಾಲಾ
9 ಫೆಬ್ರವರಿ 2025

ಚಿ. ಶ್ರೇಯಾ,

ಮೇಡಂ ಬೋರ್ಡಿನ ಮೇಲೆ ಬರೆದರು ಎಂದು ಓದಿ ನಿನ್ನ ಕಾಗದವನ್ನು ಅಡುಗೆಮನೆಯವರಿಗೆಲ್ಲ ತೋರಿಸಿ ಬಂದೆ.

ಮಂಜಿಗೆ ಎಂತಕ್ಕೆ ಮೆಷಿನು? ಹೋಟೆಲಿನಲ್ಲಿ ಇಡ್ಲಿ ಬೇಯಿಸುವ ದೊಡ್ಡ ಅಟ್ಟದ ಮುಚ್ಚಳ ತೆಗೆದರೆ ಉಗಿಯಲ್ಲಿ ಎದುರು ನಿಂತವನ ಮುಖ ಕಾಣುವುದಿಲ್ಲ. ಹಿಂದಿನ ಗೋಡೆಯ ಹೊಗೆ ಫ್ಯಾನನ್ನು ನಿಧಾನ ತಿರುಗಲು ಬಿಡು. ಸಂಜೆ ನಾಲ್ಕರ ಬಿಸಿಲು ಅದರ ರೆಕ್ಕೆಗಳ ನಡುವಿನಿಂದ ಬಂದು ನೆಲದ ಮೇಲೆ ಓಡುತ್ತದೆ. ಅದರಲ್ಲಿ ಯಾರನ್ನು ನಿಲ್ಲಿಸಿದರೂ ಏನೋ ಮುಚ್ಚಿಟ್ಟವನ ಹಾಗೆ ಕಾಣುತ್ತಾನೆ. ಸೋಮವಾರ ಹೋಟೆಲಿಗೆ ರಜೆ, ಇಡೀ ದಿನ ನಿನ್ನದು. ಯಾವ ಮೂಲೆಯಲ್ಲಿ ಯಾವ ಚಿತ್ರ ಎಂದು ಮೊದಲೇ ಗೆರೆ ಎಳೆದು ತಾ. ನಿತೇಶನಿಗೆ ನಾನು ಹೇಳುತ್ತೇನೆ. ನಿನ್ನ ಅಪ್ಪ ಮೊದಲು ಗೊಣಗುತ್ತಾನೆ, ಆಮೇಲೆ ತಾನೇ ಪೊಲೀಸನ ವೇಷ ಹಾಕಲು ಬರುತ್ತಾನೆ, ನೋಡುತ್ತಿರು.

ಕತೆ ಯಾವುದು ಎಂದು ಬರೆಯಲೇ ಇಲ್ಲವಲ್ಲ.

ನಿನ್ನ
ಚಿಕ್ಕಜ್ಜ


ಹಾಸ್ಟೆಲ್
2 ಮಾರ್ಚ್

ಚಿಕ್ಕಜ್ಜ,

ನಾವು ಅಂದ್ರೆ ಯಾರು ಅಂತ ನೀವು ಹೇಳ್ಲಿಲ್ಲ.

ಕತೆ ಸಿಕ್ಕಿತು! ಎಲ್ಲೆಲ್ಲೋ ಹುಡುಕಿದೆ, ನಮ್ಮ ಮನೇಲೇ ಇತ್ತು. ಬಸು! ಚಿಕ್ಕಂದಿನಿಂದ ಆ ಹೆಸರು ಕೇಳಿ ಕೇಳಿ ನಾನು ಬಸು ಅಂದ್ರೆ ಒಂದು ಭೂತ ಅಂತ ಅಂದ್ಕೊಂಡಿದ್ದೆ. ಕಳೆದ ವಾರ ಅಜ್ಜಿ ಪೂರ್ತಿ ಹೇಳಿದ್ರು. 1984. ಹೋಟೆಲಲ್ಲಿ ದೋಸೆ ಹಿಟ್ಟು ರುಬ್ತಿದ್ದ ಬಸವಲಿಂಗಪ್ಪ, ಧಾರವಾಡ ಕಡೆಯವನು. ದೇವರ ಬೆಳ್ಳಿ ಪ್ರಭಾವಳಿ ಕದ್ದ. ಎಲ್ಲರೂ ಕರ್ಪೂರದ ಮೇಲೆ ಕೈ ಇಟ್ಟು ಆಣೆ ಮಾಡಿದ್ರು, ಅವನೊಬ್ಬ ಮಾಡ್ಲಿಲ್ಲ. ಕಳ್ಳ ಸಿಕ್ಕಿದ. ಪೊಲೀಸ್ ಇಲ್ಲ, ಗನ್ ಇಲ್ಲ, ಬರೀ ಕರ್ಪೂರ! ಮೇಡಂ ಹೇಳಿದ್ರು ಇಂಥ ಕ್ಲೈಮ್ಯಾಕ್ಸ್ ಯಾರೂ ಮಾಡಿಲ್ಲ ಅಂತ.

ಹೆಸರು ಅದೇ ಇಡ್ತೇನೆ, ‘ಬಸು’. ಮೇ 24ಕ್ಕೆ ಕಾಲೇಜಲ್ಲಿ ತೋರಿಸ್ತಾರೆ. ಅಪ್ಪ ಇಲ್ಲಿಯ ಕನ್ನಡದವರನ್ನೆಲ್ಲ ಕರೀತೇನೆ ಅಂತ ಹೇಳಿದ್ರು.

ಶ್ರೇಯಾ


ಬೆಹಾಲಾ
9 ಮಾರ್ಚ್ 2025

ಚಿ. ಶ್ರೇಯಾ,

ಆ ಕತೆ ಬೇಡ.

ಬೇರೆ ಹತ್ತು ಕತೆ ನಾನು ಕೊಡುತ್ತೇನೆ. ನಮ್ಮ ಬೀದಿಯ ಪೂಜಾ ಪೆಂಡಾಲಿನಲ್ಲಿ ಒಂದು ಸಲ ಧ್ವನಿವರ್ಧಕವೇ ಕಾಣೆಯಾಗಿತ್ತು, ಅದು ನಗುವ ಕತೆ. ಅದನ್ನು ತೆಗೆ. ಇದನ್ನೇ ತೆಗೆಯುತ್ತೇನೆ ಎಂದರೆ ಹೆಸರಾದರೂ ಬದಲಿಸು. ಅವನು ಎಲ್ಲೋ ಇದ್ದಾನೆ, ಅವನಿಗೂ ಮಕ್ಕಳಿರಬಹುದು. ಇಲ್ಲಿಯ ಕನ್ನಡದವರನ್ನೆಲ್ಲ ಕೂರಿಸಿ ಪರದೆಯ ಮೇಲೆ ಆ ಹೆಸರು ಬರೆದು ಕಳ್ಳ ಎಂದು ತೋರಿಸುವುದು ಸಣ್ಣ ಸಂಗತಿ ಅಲ್ಲ.

ಕತೆಯಾಗಿಯೂ ಅದು ನಿಲ್ಲುವುದಿಲ್ಲ. ಎಲ್ಲರೂ ಮೊದಲು ಯಾರ ಮೇಲೆ ಸಂಶಯಪಟ್ಟರೋ ಅವನೇ ಕೊನೆಗೆ ಕಳ್ಳನಾದರೆ ಅದೆಂಥ ಪತ್ತೇದಾರಿ?

ಚಿಕ್ಕಜ್ಜ


ಹಾಸ್ಟೆಲ್
16 ಮಾರ್ಚ್

ಚಿಕ್ಕಜ್ಜ,

ನೀವು ಹೇಳಿದ್ದು ಸರಿ, ಕತೆ ನಿಲ್ತಾ ಇಲ್ಲ. ಅದಕ್ಕೆ ಶನಿವಾರ ಮನೆಗೆ ಬಂದು ಅಜ್ಜಿ ಹತ್ರ ಮತ್ತೆ ಕೇಳಿದೆ. ನೀವು ಮಾಳಿಗೇಲಿ ಮಲಗಿದ್ರಿ, ಎಬ್ಬಿಸ್ಲಿಲ್ಲ.

ನಾನು ಒಂದು ಪೇಪರಲ್ಲಿ ಎಲ್ಲಾ ಬರೆದು ಗೋಡೆಗೆ ಅಂಟಿಸಿದ್ದೇನೆ, ಸಿನಿಮಾದಲ್ಲಿ ಮಾಡ್ತಾರಲ್ಲ ಹಾಗೆ. ಬಸುವಿನ ಮೇಲೆ ಸಂಶಯ ಯಾಕೆ? ಅಷ್ಟಮಿ ಹಬ್ಬಕ್ಕೆ ಹನ್ನೊಂದು ದಿನ ಮೊದಲು, ಒಂದು ಶುಕ್ರವಾರ, ಅವನು ಸಂಜೆ ಆರೂವರೆಗೆ ಓಡ್ಕೊಂಡು ಬಂದ, ಎಲ್ಲಿಗೆ ಹೋಗಿದ್ದೆ ಅಂದ್ರೆ ಹೇಳ್ಲಿಲ್ಲ. ಮತ್ತೆ ಅವತ್ತೇ ಪ್ರಭಾವಳಿ ಬೌಬಜಾರಿನ ಅಕ್ಕಸಾಲಿಗನ ಹತ್ರ ರಿಪೇರಿ ಆಗಿ ಬಂದದ್ದು. ತಂದದ್ದು ನೀವು. ಪೆಟ್ಟಿಗೆಯಲ್ಲಿಟ್ಟು ದೇವರ ಕಪಾಟಿಗೆ ಸೇರಿಸಿದೆ ಅಂತ ಹೇಳಿದ್ದು ನೀವು. ಅಷ್ಟಮಿ ದಿನ ತೆಗೆದಾಗ ಪೆಟ್ಟಿಗೆ ಖಾಲಿ.

ಆಣೆ ಮಾಡಿದವರ ಹೆಸರು ಅಜ್ಜಿ ಹೇಳಿದ್ರು. ಏಳು ಜನ. ಬಸು ಸೇರಿ ಎಂಟು. ಅದರಲ್ಲಿ ನಿಮ್ಮ ಹೆಸರಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ ಅಜ್ಜಿ ನಕ್ಕರು. “ಅವನೆಂತ ಆಣೆ ಮಾಡುವುದು ಮಾರಾಯ್ತಿ, ಕರ್ಪೂರದ ತಟ್ಟೆ ಹಿಡಿದದ್ದೇ ಅವನು!”

ಪ್ರಶ್ನೆ ಕೇಳುವವನಿಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಇದು ನೀವೇ ಬರೆದದ್ದು.

ಚಿಕ್ಕಜ್ಜ, ನಾವು ಅಂದ್ರೆ ಯಾರು?

ಶ್ರೇಯಾ


ಬೆಹಾಲಾ
27 ಏಪ್ರಿಲ್ 2025

ಚಿ. ಶ್ರೇಯಾ,

ಆರು ವಾರ ಸುಮ್ಮನಿದ್ದೆ. ನೀನು ಎರಡು ಸಲ ಮನೆಗೆ ಬಂದೆ, ಎರಡು ಸಲವೂ ನಾನು ಮಾಳಿಗೆಯಿಂದ ಇಳಿಯಲಿಲ್ಲ. ನಿದ್ದೆ ಮಾಡುತ್ತಿದ್ದೆ ಎಂದು ನೀನು ನಂಬಿಲ್ಲ ಅಂತ ನನಗೆ ಗೊತ್ತುಂಟು.

ನಾವು ಎಂದರೆ ನಾನು ಮತ್ತು ಬಸು.

ನಿಮ್ಮ ಮೇಡಂ ಬೋರ್ಡಿನ ಮೇಲೆ ಬರೆದ ಸೂತ್ರ ನನ್ನದಲ್ಲ, ಅವನದು. ಎಲ್ಲವೂ ಅವನವೇ. ನನಗೆ ಪಿಕ್ಚರು ನೋಡಲು ಬರುತ್ತಿತ್ತು, ಓದಲು ಬರುತ್ತಿದ್ದದ್ದು ಅವನಿಗೆ. ಟ್ರಾಮಿನ ಕಿಟಕಿಗೆ ಮೊಣಕೈ ಊರಿ ಕೂತು, “ಮುರಾರಿ, ಆ ಟೊಪಗಿ ಹಾಕ್ಕೊಂಡಾವ ಕಳ್ಳ ಅಲ್ಲೋ. ಕಳ್ಳ ಆಗಿದ್ರ ಅವನ್ನ ಅಷ್ಟು ಛಂದಂಗ ತೋರಸ್ತಿದ್ದಿಲ್ಲ” ಎನ್ನುತ್ತಿದ್ದ. “ಮತ್ತೆ ಯಾರು?” ಎಂದರೆ, “ಚಾ ತಂದು ಕೊಟ್ಟಾಕಿ. ಆಕೀನ್ನ ಯಾರಾದ್ರೂ ಏನಾದ್ರೂ ಕೇಳಿದ್ರೇನು?” ಎನ್ನುವನು.

ಆ ಶುಕ್ರವಾರ ನಾನು ಬೌಬಜಾರಿನಿಂದ ಪ್ರಭಾವಳಿ ತೆಗೆದುಕೊಂಡು ನೆಟ್ಟಗೆ ಮನೆಗೆ ಬರಬೇಕಿತ್ತು. ಅದು ನಮ್ಮ ಅಮ್ಮನ ಕಾಲ್ಗೆಜ್ಜೆ ಕರಗಿಸಿ ಮಾಡಿಸಿದ್ದು. ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಟಾಕೀಸಿಗೆ ಹೋದೆ, ಬಸು ಅಲ್ಲಿ ಕಾಯುತ್ತಿದ್ದ. ಚೀಲವನ್ನು ಸೀಟಿನಡಿ ಇಟ್ಟೆ. ನಾಲ್ಕೂವರೆಗೆ ಎಂದಿನ ಹಾಗೆ ಎದ್ದು ಓಡಿದೆವು. ಎರಡು ಸ್ಟಾಪು ದಾಟಿದ ಮೇಲೆ ಬಸು ನನ್ನ ಕೈ ನೋಡಿ “ಚೀಲ?” ಎಂದ.

ಚೀಲ ಸೀಟಿನಡಿಯೇ ಉಳಿದಿತ್ತು. ಅವನೇ ಹೇಳಿದ್ದು, “ನೀ ಹೋಗಿ ಬಾಗಲಾ ತೆಗಿ, ಇಲ್ಲಾಂದ್ರ ನಿಮ್ಮ ಅಣ್ಣಾರು ಕೇಳ್ತಾರ. ನಾ ತರ್ತೀನಿ.” ಓಡುವ ಟ್ರಾಮಿನಿಂದ ಹಾರಿದ. ನಾನು ಐದಕ್ಕೆ ಸರಿಯಾಗಿ ಬಾಗಿಲು ತೆರೆದೆ. ಅವನು ಆಟ ಮುಗಿದು ದೀಪ ಹಾಕುವವರೆಗೆ ಕಾದು, ಸಾಲು ಸಾಲಾಗಿ ಮೊಣಕಾಲೂರಿ ಹುಡುಕಿ, ಆರೂವರೆಗೆ ಬರಿಗೈಯಲ್ಲಿ ಬಂದ. ಎಲ್ಲರೂ ಅವನನ್ನು ನೋಡಿದರು.

ಸಿಗುತ್ತದೆ, ನಾಳೆ ಸಿಗುತ್ತದೆ ಎಂದು ಖಾಲಿ ಪೆಟ್ಟಿಗೆಯನ್ನು ಕಪಾಟಿಗೆ ಸೇರಿಸಿ ಸುಳ್ಳು ಹೇಳಿದೆ. ಮೂರು ಸಲ ಟಾಕೀಸಿಗೆ ಹೋಗಿ ಗೇಟಿನವನ ಕಾಲು ಹಿಡಿದೆ. ಅಷ್ಟರಲ್ಲಿ ಅಷ್ಟಮಿ ಬಂತು.

ನಮ್ಮ ಕಡೆ ಕಳವಾದರೆ ಪೊಲೀಸರ ಹತ್ತಿರ ಹೋಗುವ ಪದ್ಧತಿ ಇರಲಿಲ್ಲ. ದೇವರ ಮುಂದೆ ಕರ್ಪೂರ ಹಚ್ಚಿ ಆಣೆ, ಅಷ್ಟೇ. ಆಣೆಯ ಮಾತನ್ನು ಅಣ್ಣಯ್ಯ ಹೇಳಿಕೊಟ್ಟರು: ‘ಪ್ರಭಾವಳಿಯನ್ನು ನಾನು ತೆಗೆದಿಲ್ಲ, ಅದು ಹೇಗೆ ಹೋಯಿತೆಂದೂ ನನಗೆ ಗೊತ್ತಿಲ್ಲ.’ ಏಳು ಜನ ಹೇಳಿದರು. ಬಸು ಮುಂದೆ ಬಂದು ಕೈ ಚಾಚಿದ. ಮೊದಲ ಅರ್ಧ ಹೇಳಿದ. ಆಮೇಲೆ ನಿಂತ.

ಅವನಿಗೆ ಗೊತ್ತಿತ್ತಲ್ಲ ಮಗಾ.

“ನಾ ತಗೊಂಡಿಲ್ರೀ ಯಜಮಾನ್ರ. ಬೇಕಾದ್ರ ನೂರು ಸಲ ಹೇಳ್ತೀನಿ. ಉಳಿದದ್ದು ಹೇಳಂಗಿಲ್ಲ” ಎಂದ. ಅಣ್ಣಯ್ಯ ಕೂಗಿದರು. ಬಸು ಒಂದೇ ಒಂದು ಸಲ ನನ್ನ ಮುಖ ನೋಡಿದ. ನಾನು ತಟ್ಟೆಯ ಕಡೆ ನೋಡಿದೆ. ಕರ್ಪೂರ ಆರುತ್ತಿತ್ತು, ಇನ್ನೊಂದು ತುಂಡು ಹಾಕಿದೆ.

ನಾನು ಮಾಡಿದ್ದು ಅಷ್ಟೇ. ಇನ್ನೊಂದು ತುಂಡು ಹಾಕಿದೆ.

ಅವನು ಆ ದಿನವೇ ಟ್ರಂಕು ಹೊತ್ತು ಹೋದ. ಅಣ್ಣಯ್ಯ ಇಲ್ಲಿಯ ನಮ್ಮ ಕಡೆಯ ಹೋಟೆಲಿನವರಿಗೆಲ್ಲ ಹೇಳಿಟ್ಟರು, ಅವರಲ್ಲಿ ಯಾರೂ ಅವನನ್ನು ಇಟ್ಟುಕೊಳ್ಳಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಜೋಕಾದ ಬಸ್ಸಿನಲ್ಲಿ ಒಮ್ಮೆ ಅವನನ್ನು ಕಂಡೆ. ಕೂದಲು ಬೆಳ್ಳಗಾಗಿತ್ತು, ಮಡಿಲಲ್ಲಿ ತರಕಾರಿ ಚೀಲ. ನಾನು ಒಂದು ಸ್ಟಾಪು ಮೊದಲೇ ಇಳಿದೆ.

ಇನ್ನು ನೀನು ಯಾವ ಪಿಕ್ಚರು ತೆಗೆಯುತ್ತೀಯೋ ತೆಗೆ. ನನ್ನನ್ನು ಚಿಕ್ಕಜ್ಜ ಎಂದು ಕರೆಯಬೇಕೆಂದಿಲ್ಲ.

ಮುರಾರಿ


ಹಾಸ್ಟೆಲ್
5 ಮೇ

ಚಿಕ್ಕಜ್ಜ,

ನಾನು ತುಂಬಾ ಅತ್ತೆ. ಸಿಟ್ಟೂ ಬಂತು. ನಿಮ್ಮ ಮೇಲೆ ಅಷ್ಟು ಅಲ್ಲ, ನನ್ನ ಮೇಲೆ. ನಾನೂ ಎಷ್ಟು ಸಲ ನಗ್ತಾ ಕೇಳಿದ್ದೇನೆ, ‘ಬಸು ಬಂದಿದ್ದನಾ?’ ಅಂತ.

ಅಜ್ಜಿಗೆ ನಾನು ಹೇಳೋದಿಲ್ಲ. ಅದು ನೀವು.

ಸ್ಕ್ರಿಪ್ಟ್ ಹರಿದು ಹೊಸದು ಬರೆದಿದ್ದೇನೆ. ಸೋಮವಾರ 12ಕ್ಕೆ ಹೋಟೆಲಲ್ಲಿ ಶೂಟಿಂಗ್. ಬಸು ಆಗ್ಲಿಕ್ಕೆ ನನ್ನ ಕ್ಲಾಸಿನ ಹುಡುಗ ಇದ್ದಾನೆ. ತಟ್ಟೆ ಹಿಡಿಯುವವನ ಮುಖ ತೋರಿಸೋದಿಲ್ಲ. ಕೈ ಮಾತ್ರ ಬೇಕು. ಎಪ್ಪತ್ತು ವರ್ಷದ ಕೈ ಯಾಕೆ ಅಂತ ಮೇಡಂ ಕೇಳಿದ್ರು. ಅವನು ಇನ್ನೂ ತಟ್ಟೆ ಕೆಳಗೆ ಇಟ್ಟಿಲ್ಲ ಅಂತ ಹೇಳಿದೆ.

ಬರ್ತೀರಾ?

ಶ್ರೇಯಾ


ಬೆಹಾಲಾ, ಕಲ್ಕತ್ತಾ
8 ಜೂನ್ 2025

ಶ್ರೀ ಬಸವಲಿಂಗಪ್ಪನವರಿಗೆ,

ಇಷ್ಟು ಮರ್ಯಾದೆಯಿಂದ ಬರೆದರೆ ನೀನು ಯಾರಿಗೋ ಬಂದದ್ದೆಂದು ತಿರುಗಿ ಕಳಿಸೀಯೆ. ಬಸು, ನಾನು ಮುರಾರಿ.

ಮೆಟ್ರೋ ಹತ್ತಿ ಜೋಕಾಕ್ಕೆ ಹೋಗಿದ್ದೆ. ಆ ದಾರಿಯಲ್ಲಿ ಈಗ ಟ್ರಾಮಿಲ್ಲ. ನಾಲ್ಕು ದಿನ ಅಲ್ಲಿ ಇಲ್ಲಿ ವಿಚಾರಿಸಿದ ಮೇಲೆ ನೀನು ಕೆಲಸಕ್ಕಿದ್ದ ಊಟದ ಮನೆ ಸಿಕ್ಕಿತು. ನೀನು ನಾಲ್ಕು ವರ್ಷದ ಹಿಂದೆಯೇ ಕುಂದಗೋಳದ ಕಡೆ ಮಗಳ ಮನೆಗೆ ಹೋದೆಯಂತೆ. ವಿಳಾಸವನ್ನು ಮಾಲೀಕರು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದರು. ಈಗ ಹೇಗಿದ್ದೀ ಎಂಬುದು ಅವರಿಗೆ ತಿಳಿಯದು. ಈ ಕಾಗದ ಓದುವ ಕಣ್ಣು ನಿನ್ನದೋ ಮಗಳದೋ ನನಗೂ ತಿಳಿಯದು. ಮಗಳದಾದರೆ, ಅಮ್ಮಾ, ನಿಮ್ಮ ತಂದೆ ಏನನ್ನೂ ಕದ್ದವರಲ್ಲ. ಕಳೆದವನು ನಾನು. ಅದು ಗೊತ್ತಿದ್ದೂ ಅವರು ಬಾಯಿ ಬಿಡಲಿಲ್ಲ. ಗೊತ್ತಿಲ್ಲ ಎಂದು ಸುಳ್ಳು ಆಣೆಯನ್ನೂ ಮಾಡಲಿಲ್ಲ.

ಬಸು, ಅತ್ತಿಗೆಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದರು. ಕೇಳಿಸಿಕೊಂಡು ಮತ್ತೂ ಆರಿಸಿದರು. ಆಮೇಲೆ ನನಗೆ ತಿಳಿಯಲೆಂದು ತುಟಿ ಬಿಡಿಸಿ ಬಿಡಿಸಿ ಹೇಳಿದರು. “ಇವರು ಸಾಯುವಾಗಲೂ ಬಸು ಹೀಗೆ ಮಾಡಬಾರದಿತ್ತು ಅಂತ ಹೇಳಿದ್ರು ಮುರಾರಿ. ನೀನು ಮಂಚದ ಹತ್ರವೇ ನಿಂತಿದ್ದೆ. ಆಗ ನಿನ್ನ ಕಿವಿ ಸರಿ ಇತ್ತು.” ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟ ಮಾತ್ರ ಬಡಿಸಿದರು.

ಅಣ್ಣಯ್ಯನ ಮೊಮ್ಮಗಳು ಇದನ್ನು ಪಿಕ್ಚರು ಮಾಡಿದ್ದಾಳೆ. ನಿನ್ನ ಸೂತ್ರಗಳೆಲ್ಲ ಅದರಲ್ಲಿ ಉಂಟು, ನಿನ್ನ ಹೆಸರು ಹಾಕಿಯೇ ತೋರಿಸಿದ್ದಾಳೆ. ಕನ್ನಡದವರೆಲ್ಲ ಬಂದಿದ್ದರು, ಅತ್ತಿಗೆಯೂ ಬಂದಿದ್ದರು. ಕರ್ಪೂರದ ತಟ್ಟೆ ಹಿಡಿದ ಕೈ ಪರದೆಯ ಮೇಲೆ ಬಂದಾಗ ನಿತೇಶ ಅಲ್ಲಿಂದ ನನ್ನ ತೊಡೆಯ ಮೇಲಿದ್ದ ಕೈಗೆ ಕಣ್ಣು ತಿರುಗಿಸಿದ. ನಾಲ್ಕೂವರೆ ದಾಟಿತ್ತು. ಎದ್ದು ಹೋಗಲಿಲ್ಲ, ಕೊನೆಯವರೆಗೆ ಕೂತೆ.

ನಿನ್ನನ್ನು ಒಂದು ಕೇಳಬೇಕಿತ್ತು. ಕ್ಷಮಿಸು ಎಂದು ಕೇಳಲು ಹೊರಟು ನಾಲ್ಕು ಹಾಳೆ ಹರಿದೆ, ಅದು ನನ್ನ ಕೈಯಿಂದ ಬರೆಯಲಾಗಲಿಲ್ಲ. ಇದನ್ನಾದರೂ ಕೇಳುತ್ತೇನೆ. ಆ ಶುಕ್ರವಾರ ದೀಪ ಹಾಕುವವರೆಗೆ ಕಾದವನು ನೀನೊಬ್ಬನೇ. ಆ ಪಿಕ್ಚರಿನಲ್ಲಿ ಕೊನೆಗೆ ಕಳ್ಳ ಯಾರಾಗಿದ್ದ? ನಾವು ಹೇಳಿದವನೇನಾ?

ಇಷ್ಟು ಬರೆಯುವಾಗ ನಿತೇಶ ಮೇಲೆ ಬಂದು ಊಟಕ್ಕೆ ಸನ್ನೆ ಮಾಡಿದ, ಕೆಳಗೆ ಹೋಗಿ ಬಂದೆ. ಸಾರಿನ ಸೌಟು ಕಾಣುತ್ತಿರಲಿಲ್ಲ. ಅತ್ತಿಗೆ ಕಪಾಟು, ಜಗಲಿ, ತೊಳೆಯುವ ಬಾನಿ ಎಲ್ಲ ಹುಡುಕಿದರು. ಅಭ್ಯಾಸದ ಮೇಲೆ ಬಾಯಿ ತೆರೆದರು. ನಲವತ್ತು ವರ್ಷದಿಂದ ನೋಡಿದ ತುಟಿ, ಅದರಿಂದ ಯಾವ ಹೆಸರು ಬರುತ್ತದೆಂದು ನನಗೆ ಕಿವಿ ಬೇಕಿಲ್ಲ. ಆದರೆ ತುಟಿ ಕೂಡುವಷ್ಟರಲ್ಲಿ ತಡೆದರು. ನನ್ನ ಕಡೆ ತಿರುಗಿ, ನಗದೆ, ನನಗೆ ಕಾಣುವ ಹಾಗೆ ನಿಧಾನವಾಗಿ ಕೇಳಿದರು:

“ಮುರಾರಿ ಬಂದಿದ್ದನಾ?”

ನಾನು ಎದ್ದು ಸೌಟು ಹುಡುಕಿದೆ.

ಇಂತಿ,
ಐದಕ್ಕೆ ಸರಿಯಾಗಿ ಬಾಗಿಲು ತೆರೆದವನು,
ಮುರಾರಿ